ಟೂರಿಂಗ್ ಬೈಕಲ್ಲಿ ಸ್ಯಾಟಲೈಟ್ ರೇಡಿಯೋ ನೆಟ್ಟಗೆ ಬರಬೇಕಂದ್ರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕ, ಕೆನಡಾದಲ್ಲಿ ಗೋಲ್ಡ್‌ವಿಂಗ್, ಹಾರ್ಲಿ, ಬಿಎಂಡಬ್ಲ್ಯೂ ಕೆ 1600 ಥರದ ಭಾರಿ ಗಾಡಿ ಇಟ್ಕೊಂಡು ರಾಜ್ಯ ರಾಜ್ಯ ಸುತ್ತೋ ನಮ್ಮ ಜನ ಸಿರಿಯಸ್‌ಎಕ್ಸ್‌ಎಂ ಅನ್ನೋ, ಚಂದಾ ಕಟ್ಟಿ ಕೇಳೋ ಸ್ಯಾಟಲೈಟ್ ರೇಡಿಯೋ ಬಗ್ಗೆ ಕೇಳೋ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಂದ್ಕಡೆ ಹಾಕಿದೀನಿ. ಮೊದಲೇ ಒಂದ್ಮಾತು ಹೇಳ್ಬಿಡ್ತೀನಿ, ಇದ್ರಲ್ಲಿ ಮುಕ್ಕಾಲು ಪಾಲು ತೊಂದ್ರೆಗೆ ಕಾರಣ ರೇಡಿಯೋನೂ ಅಲ್ಲ, ಸ್ಯಾಟಲೈಟೂ ಅಲ್ಲ, ಆಂಟೆನಾ ಕೂತಿರೋ ಜಾಗ. ಹೊಸದು ಕೊಳ್ಳೋಕೆ ದುಡ್ಡು ಬಿಚ್ಚೋ ಮುಂಚೆ ಇರೋ ಆಂಟೆನಾನೇ ಒಂದಡಿ ಆಚೀಚೆ ಮಾಡಿ ನೋಡಿ.

ಕಾರಲ್ಲಿ ಒಂಚೂರೂ ಕಟ್ ಆಗಲ್ಲ, ಬೈಕಲ್ಲಿ ಮಾತ್ರ ಯಾಕೆ ಹೀಗೆ?

ಕಾರಲ್ಲಿ ಆಂಟೆನಾ ಕೂರೋದು ಟಾಪ್ ಮೇಲೆ. ಅದಕ್ಕಿಂತ ಎತ್ತರದಲ್ಲಿ ಏನೂ ಇಲ್ಲ, ಅದರ ಕೆಳಗೆ ಅಗಲವಾದ ಉಕ್ಕಿನ ಶೀಟಿದೆ, ಆ ಚಿಕ್ಕ ಆಂಟೆನಾ ಕೇಳೋದು ಇವೆರಡೇ. ಬೈಕಲ್ಲಿ ಎರಡೂ ಇಲ್ಲ. ಎಲ್ಲಿ ನೋಡಿದ್ರೂ ಪ್ಲಾಸ್ಟಿಕ್ಕು, ಇಲ್ಲಾಂದ್ರೆ ಫೈಬರ್‌ಗ್ಲಾಸು, ಇನ್ನು ಗಾಡಿಯಲ್ಲಿ ಎಲ್ಲಕ್ಕಿಂತ ಎತ್ತರ ಇರೋದು ಯಾವುದು ಅಂದ್ರೆ ನೀವೇ, ಹಿಂದೆ ಹೆಂಡ್ತೀನೋ ಗಂಡನೋ ಕೂತಿದ್ರೆ ಅವರೂ ಸೇರಿ. ಈ ರೇಡಿಯೋ ಓಡೋದು 2320ರಿಂದ 2345 ಮೆಗಾಹರ್ಟ್ಸ್ ನಡುವೆ. ಆ ಫ್ರೀಕ್ವೆನ್ಸಿಲಿ ಮನುಷ್ಯನ ಮೈ ಅಂದ್ರೆ ನೀರು ತುಂಬಿದ ಡ್ರಮ್ ಇದ್ದಂಗೆ, ಸಿಗ್ನಲ್ ಆಚೆಯಿಂದ ಈಚೆಗೆ ದಾಟಲ್ಲ. ಅದಕ್ಕೇ ಒಂದು ದಿಕ್ಕಲ್ಲಿ ಹೋಗ್ತಾ ಚೆನ್ನಾಗಿ ಬರೋ ಹಾಡು ರೋಡು ತಿರುಗಿದ ತಕ್ಷಣ ನಿಂತುಹೋಗತ್ತೆ, ಜನ ಇದನ್ನ ಲೂಸ್ ಕನೆಕ್ಷನ್ ಅಂದ್ಕೊಂಡು ಸೀಟು ಬಿಚ್ಚೋಕೆ ಶುರು ಮಾಡ್ತಾರೆ.

ಸ್ಯಾಟಲೈಟ್ ಇರೋದಾದ್ರೂ ಎಲ್ಲಿ? ಆಂಟೆನಾ ಯಾವ ಕಡೆ ನೋಡಬೇಕು?

ದಕ್ಷಿಣ. ಇದೊಂದು ನೆನಪಿಟ್ಕೊಂಡ್ರೆ ಅರ್ಧ ಕೆಲಸ ಮುಗೀತು.

ಎಕ್ಸ್‌ಎಂ 2001ರ ಸೆಪ್ಟೆಂಬರಲ್ಲಿ ಶುರುವಾಯ್ತು, ಸಿರಿಯಸ್ 2002ರಲ್ಲಿ, 2008ರಲ್ಲಿ ಎರಡೂ ಕಂಪನಿ ಒಂದಾದ್ವು. ಎಕ್ಸ್‌ಎಂನ ಮೊದಲ ಎರಡು ಸ್ಯಾಟಲೈಟಿಗೆ ರಾಕ್, ರೋಲ್ ಅಂತ ಹೆಸರಿಟ್ಟಿದ್ರು, ಆಮೇಲೆ ಬಂದವಕ್ಕೆ ರಿದಮ್, ಬ್ಲೂಸ್ ಅಂತ. ಎಕ್ಸ್‌ಎಂ ಕಡೆಯ ಸ್ಯಾಟಲೈಟ್‌ಗಳು ಸಮಭಾಜಕ ವೃತ್ತದ ಮೇಲೆ, 85 ಮತ್ತು 115 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿ ನಿಂತಲ್ಲೇ ನಿಂತಿರೋ ಥರ ಇರ್ತವೆ. ಸಿರಿಯಸ್‌ದು ಮೊದಲು ಬೇರೆ ಲೆಕ್ಕ ಇತ್ತು, ಮೂರು ಸ್ಯಾಟಲೈಟು ಉದ್ದನೆ ಅಂಡಾಕಾರದ ದಾರಿಲಿ ಸುತ್ತುತ್ತಾ ಸರದಿ ಮೇಲೆ ತಲೆ ಮೇಲೆ ಬರ್ತಿದ್ವು, ಈಗ ಅದೂ ಸಮಭಾಜಕದ ಮೇಲಕ್ಕೇ ಬಂದಿದೆ. ಹಂಗಾಗಿ ಉತ್ತರ ಅಮೆರಿಕದಲ್ಲಿ ನೀವೆಲ್ಲೇ ಇದ್ರೂ ಸಿಗ್ನಲ್ ಬರೋದು ದಕ್ಷಿಣದ ಆಕಾಶದಿಂದ.

ಎಷ್ಟು ಎತ್ತರದಿಂದ ಅನ್ನೋದು ಊರಿಂದ ಊರಿಗೆ ಬದಲಾಗತ್ತೆ. ಡಾಲಸ್ಸಲ್ಲಿ ನಿಂತ್ರೆ ಎರಡೂ ಸ್ಯಾಟಲೈಟು ಸುಮಾರು 47ರಿಂದ 50 ಡಿಗ್ರಿ ಮೇಲೆ ಇರ್ತವೆ, ಆರಾಮು. ಸಿಯಾಟಲ್‌ಗೆ ಹೋದ್ರೆ ಪಶ್ಚಿಮದ್ದು 35 ಡಿಗ್ರಿ, ಪೂರ್ವದ್ದು 25ರ ಹತ್ತಿರಕ್ಕೆ ಇಳಿಯತ್ತೆ, ಅಂದ್ರೆ ರೋಡಿನ ದಕ್ಷಿಣಕ್ಕೆ ಒಂದು ಸಾಲು ಮರ ಇದ್ರೂ ಸಾಕು ಅಡ್ಡ ಬರೋಕೆ. ವಾಷಿಂಗ್ಟನ್, ಮಿನೆಸೋಟಾ, ಒಂಟಾರಿಯೋ ಕಡೆಯವರು ಟೆಕ್ಸಾಸಿನವರ ಬೈಕ್ ನೋಡಿ ಅದೇ ಜಾಗದಲ್ಲಿ ಆಂಟೆನಾ ಹಾಕ್ಕೊಂಡು ಬರ್ತಿಲ್ಲ ಅಂತ ಬೈಯೋದಕ್ಕೆ ಅರ್ಥ ಇಲ್ಲ.

ಸರಿ, ಬೈಕಲ್ಲಿ ಆಂಟೆನಾಗೆ ಬೆಸ್ಟ್ ಜಾಗ ಯಾವುದು?

ನನ್ನ ಕೇಳಿದ್ರೆ ಟ್ರಂಕ್ ಮುಚ್ಚಳದ ಮೇಲೆ, ಆದಷ್ಟೂ ಹಿಂದಿನ ಅಂಚಿಗೆ. ಗೋಲ್ಡ್‌ವಿಂಗ್ ಟ್ರಂಕು, ಹಾರ್ಲಿಯ ಟೂರ್‌ಪ್ಯಾಕು, ಯಾವುದಾದ್ರೂ ಸೈ. ಯಾಕೆ ಹಿಂದಿನ ಅಂಚು ಅಂದ್ರೆ, ನೀವು ದಕ್ಷಿಣಕ್ಕೆ ಹೋಗ್ತಿರುವಾಗ ಸ್ಯಾಟಲೈಟ್ ಎದುರಿಗಿರತ್ತೆ, ಆಂಟೆನಾಗೂ ಅದಕ್ಕೂ ನಡುವೆ ಹಿಂದೆ ಕೂತವರ ಬೆನ್ನು, ತಲೆ, ಹೆಲ್ಮೆಟ್ಟು. ಆಂಟೆನಾ ಅವರ ಬೆನ್ನಿಗೆ ಅಂಟ್ಕೊಂಡಂಗೆ ಇದ್ರೆ ಐವತ್ತು ಡಿಗ್ರಿ ಮೇಲಿರೋ ಸ್ಯಾಟಲೈಟೂ ಮರೆಯಾಗತ್ತೆ. ಅದೇ ಒಂದಡಿ ಹಿಂದಕ್ಕೆ ಎಳೆದ್ರೆ ಮರೆಯಾಗೋ ಕೋನ ಚೆನ್ನಾಗೇ ಕಮ್ಮಿಯಾಗತ್ತೆ. ಇನ್ನೊಂದು ಅನುಕೂಲ ಏನಪ್ಪಾ ಅಂದ್ರೆ ಎರಡು ಸ್ಯಾಟಲೈಟು ಒಂದೇ ದಿಕ್ಕಲ್ಲಿಲ್ಲ, ಡಾಲಸ್ಸಿಂದ ನೋಡಿದ್ರೆ ಎರಡರ ನಡುವೆ ಐವತ್ತು ಡಿಗ್ರಿ ಅಂತರ, ಹಂಗಾಗಿ ಒಬ್ರ ತಲೆ ಒಂದನ್ನ ಮುಚ್ಚಿದ್ರೂ ಇನ್ನೊಂದು ಪಕ್ಕದಿಂದ ಕಾಣತ್ತೆ. ರೇಡಿಯೋಗೆ ಒಂದು ಸಿಕ್ರೆ ಸಾಕು.

ಆದ್ರೆ ಟ್ರಂಕ್ ಮೇಲೆ ಲಗೇಜ್ ರ‍್ಯಾಕ್ ಇದ್ದು ಅದರ ಮೇಲೆ ನೀವು ಟೆಂಟು, ಡಫಲ್ ಬ್ಯಾಗು ಕಟ್ಟೋರಾದ್ರೆ ಈ ಲೆಕ್ಕ ಎಲ್ಲ ಹೋಯ್ತು. ದಿನಾ ಆಫೀಸಿಗೆ ಹೋಗುವಾಗ ಸರಿಯಾಗಿ ಬರೋ ರೇಡಿಯೋ ಟೂರ್ ಹೊರಟ ದಿನವೇ ಕೈಕೊಡೋದು ಬಹಳ ಸಲ ಇದಕ್ಕೇ. ಬ್ಯಾಗ್ ಕಟ್ಟೋದೇ ಆದ್ರೆ ಆಂಟೆನಾನ ರ‍್ಯಾಕಿನ ಹಿಂಬದಿಗೆ ಒಂದು ಪುಟ್ಟ ಬ್ರ್ಯಾಕೆಟ್ ಹಾಕಿ ಹೊರಗೆ ತನ್ನಿ.

ಮುಂದೆ ಹಾಕಬೇಕು ಅಂದ್ರೆ ಎರಡನೇ ಆಯ್ಕೆ ಕನ್ನಡಿ ಮೇಲೆ, ಇಲ್ಲಾ ಹ್ಯಾಂಡಲಿನ ಬ್ರೇಕ್ ಆಯಿಲ್ ಡಬ್ಬಿ ಮುಚ್ಚಳದ ಹತ್ತಿರ. ಒಂದು ಪಕ್ಕಕ್ಕೆ ಇರೋದ್ರಿಂದ ನಿಮ್ಮ ಎದೆ ಪೂರ್ತಿ ಅಡ್ಡ ಬರಲ್ಲ. ಡ್ಯಾಶ್ ಮಧ್ಯದಲ್ಲಿ, ಟ್ಯಾಂಕ್ ಮೇಲೆ ಇಟ್ರೆ ಉತ್ತರಕ್ಕೆ ಹೋಗುವಾಗ ಕತೆ ಮುಗೀತು, ಸ್ಯಾಟಲೈಟ್ ಪೂರ್ತಿ ನಿಮ್ಮ ಬೆನ್ನ ಹಿಂದೆ. ವಿಂಡ್‌ಸ್ಕ್ರೀನ್ ಅಡ್ಡ ಇದ್ರೆ ಚಿಂತೆ ಬೇಡ, ಆ ಪ್ಲಾಸ್ಟಿಕ್ಕಲ್ಲಿ ಸಿಗ್ನಲ್ ಸಲೀಸಾಗಿ ಬರತ್ತೆ.

ಮುಂದಿನ ಮಡ್‌ಗಾರ್ಡ್ ಮೇಲೆ ಬೇಡವೇ ಬೇಡ. ಸೈಡ್ ಬ್ಯಾಗ್ ಮುಚ್ಚಳದ ಮೇಲೂ ಬೇಡ: ಬಲಗಡೆ ಬ್ಯಾಗ್ ಮೇಲಿದ್ರೆ ಪೂರ್ವಕ್ಕೆ ಹೋಗುವಾಗ ಬರತ್ತೆ, ವಾಪಸ್ ಪಶ್ಚಿಮಕ್ಕೆ ಬರುವಾಗ ಬರಲ್ಲ, ಆಮೇಲೆ ತಲೆ ಕೆರ್ಕೊಂಡು ಕೂರಬೇಕು.

ಆಂಟೆನಾ ಕೆಳಗಿನ ಲೋಹದ ತಗಡಿಗೆ ಗ್ರೌಂಡ್ ಪ್ಲೇನ್ ಅಂತಾರಲ್ಲ, ಅದು ನಿಜವಾಗ್ಲೂ ಬೇಕಾ?

ಬೇಕು. ಆ ಚಿಕ್ಕ ಚಪ್ಪಟೆ ಆಂಟೆನಾ ಮಾಡಿರೋದೇ ಕಾರಿನ ಲೋಹದ ಮೇಲೆ ಕೂರಲಿ ಅಂತ. ಕೆಳಗೆ ಲೋಹ ಇದ್ರೆ ಸಿಗ್ನಲ್ ಮೇಲ್ಮುಖವಾಗಿ ಚೆನ್ನಾಗಿ ಹಿಡಿಯತ್ತೆ, ಕೆಳಗಿನ ಎಲೆಕ್ಟ್ರಿಕಲ್ ಗಲಾಟೆಗೂ ಒಂದು ಗೋಡೆ ಹಾಕಿದಂಗೆ ಆಗತ್ತೆ. ಬರೀ ಪ್ಲಾಸ್ಟಿಕ್ ಮೇಲೆ ಅಂಟಿಸಿದ್ರೆ ಕೆಲಸ ಮಾಡಲ್ಲ ಅಂತಲ್ಲ, ಅಂಚಲ್ಲಿ ಇರೋ ಸಿಗ್ನಲ್ ಹಿಡಿಯೋ ತಾಕತ್ತು ಹೋಗತ್ತೆ.

ಈ ಫ್ರೀಕ್ವೆನ್ಸಿಯ ತರಂಗದ ಉದ್ದ ಸುಮಾರು 13 ಸೆಂಟಿಮೀಟರು. ಹಂಗಾಗಿ 10ರಿಂದ 15 ಸೆಂಟಿಮೀಟರ್ ಚೌಕದ ಒಂದು ತಗಡು ಸಾಕು, ಅಂಗೈ ಅಗಲ ಅನ್ಕೊಳ್ಳಿ. ಅಲ್ಯುಮಿನಿಯಂ, ಉಕ್ಕು, ಸ್ಟೇನ್‌ಲೆಸ್ ಯಾವುದಾದ್ರೂ ಆಗತ್ತೆ, ಪೇಂಟ್ ಹೊಡೆದ್ರೂ ತೊಂದ್ರೆ ಇಲ್ಲ, ಬ್ಯಾಟರಿ ನೆಗೆಟಿವ್‌ಗೆ ವೈರ್ ಎಳೆಯೋದೂ ಬೇಕಾಗಿಲ್ಲ. ಆಂಟೆನಾ ಅದರ ನಡುವೆ ಕೂರಲಿ, ಅಂಚಿಗಲ್ಲ. ಆಂಟೆನಾ ಕೆಳಗೆ ಆಯಸ್ಕಾಂತ ಇರೋದ್ರಿಂದ ಉಕ್ಕಿನ ತಗಡಾದ್ರೆ ತಾನೇ ಅಂಟ್ಕೊಳ್ಳತ್ತೆ, ಆದ್ರೆ ಫ್ರೀವೇ ಗಾಳಿಗೆ ಬರೀ ಆಯಸ್ಕಾಂತ ನಂಬ್ಬೇಡಿ. ಗಟ್ಟಿಯಾಗಿ ಹಿಡಿಯೋ, ಎರಡೂ ಕಡೆ ಅಂಟಿರೋ 3ಎಂ ವಿಎಚ್‌ಬಿ ಟೇಪ್ ಹಾಕಿ. ಹಾಕೋ ಮುಂಚೆ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಮೇಣ, ಪಾಲಿಶ್ ಎಲ್ಲ ಒರೆಸಿ ತೆಗೀರಿ, ಅಂಟಿಸಿದ್ಮೇಲೆ ಒಂದು ದಿನ ಗಾಡಿ ಮುಟ್ಟಬೇಡಿ. ಆ ಟೇಪು ಪೂರ್ತಿ ಹಿಡಿಯೋಕೆ 72 ಗಂಟೆ ಬೇಕು, ಚಳಿ ಇದ್ರೆ ಇನ್ನೂ ಜಾಸ್ತಿ.

ಹೊರಗೆ ತಗಡು ಕಾಣೋದು ಇಷ್ಟ ಇಲ್ಲದವರು ಮುಚ್ಚಳದ ಒಳಮೈಗೆ ತಗಡು ಅಂಟಿಸಿ ಮೇಲೆ ಆಂಟೆನಾ ಇಡ್ತಾರೆ. ನೇರ ಕೂತಷ್ಟು ಚೆನ್ನಾಗಿರಲ್ಲ, ಆದ್ರೂ ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ.

ಆಂಟೆನಾನ ಫೇರಿಂಗ್ (ಗಾಡಿ ಮುಂದಿನ ಪ್ಲಾಸ್ಟಿಕ್ ಕವಚ) ಒಳಗೆ, ಟ್ರಂಕ್ ಒಳಗೆ ಬಚ್ಚಿಡಬಹುದಾ? ಕಳ್ಳತನದ ಭಯ, ನೋಡೋಕೂ ಚೆನ್ನಾಗಿರಲ್ಲ

ಎಬಿಎಸ್ ಪ್ಲಾಸ್ಟಿಕ್ಕು, ಫೈಬರ್‌ಗ್ಲಾಸು ಆದ್ರೆ ಆಗತ್ತೆ. ಕಾರ್ಬನ್ ಫೈಬರ್ ಆದ್ರೆ ಆಗಲ್ಲ, ಅದು ಕರೆಂಟ್ ಹರಿಯೋ ವಸ್ತು, ಸಿಗ್ನಲ್‌ಗೆ ಲೋಹ ಇದ್ದಂಗೇ. ಕ್ರೋಮ್ ಲೇಪ ಇರೋ ಪ್ಲಾಸ್ಟಿಕ್ಕೂ ಅಷ್ಟೇ. ಟ್ರಂಕ್ ಒಳಗೆ ಇಟ್ರೆ ಮುಚ್ಚಳದ ಒಳಮೈಗೆ, ಮೇಲ್ಮುಖವಾಗಿ, ಪ್ಲಾಸ್ಟಿಕ್ಕಿಗೆ ಹತ್ತಿರ ಇರಬೇಕು. ಕೆಳಗೆ ಎಲ್ಲೋ ಇಟ್ಟು ಅದರ ಮೇಲೆ ನೀರಿನ ಬಾಟ್ಲಿ, ಲ್ಯಾಪ್‌ಟಾಪು, ಬೆಳ್ಳಿ ಹಾಳೆ ಇರೋ ಕೂಲರ್ ಬ್ಯಾಗು ತುಂಬಿದ್ರೆ ಏನೂ ಬರಲ್ಲ.

ಯಾವುದೇ ಜಾಗ ಆದ್ರೂ ಮೊದಲು ಪೇಂಟರ್ ಟೇಪಲ್ಲಿ ತಾತ್ಕಾಲಿಕವಾಗಿ ಅಂಟಿಸಿ, ಕೇಬಲ್ ಮೇಲ್ಮೇಲೇ ಬಿಟ್ಟು ಊರಾಚೆ ಒಂದು ರೌಂಡ್ ಹೋಗಿ ಬನ್ನಿ, ಆಮೇಲೆ ತೂತು ಕೊರೆಯೋ ಯೋಚನೆ.

ಪರೀಕ್ಷೆ ಮಾಡೋದು ಹೇಗೆ? ಹಾಡು ಬರತ್ತೋ ಇಲ್ವೋ ಅಂತ ನೋಡಿದ್ರೆ ಸಾಲದಾ?

ಸಾಲದು. ಹೆಚ್ಚಿನ ರಿಸೀವರ್‌ಗಳ ಮೆನುವಲ್ಲಿ ಸಿಗ್ನಲ್ ತೋರಿಸೋ ಪರದೆ ಇರತ್ತೆ, ಅದ್ರಲ್ಲಿ ಸ್ಯಾಟಲೈಟಿಗೆ ಒಂದು ಪಟ್ಟಿ, ಟೆರೆಸ್ಟ್ರಿಯಲ್ ಅಂತ ಇನ್ನೊಂದು ಪಟ್ಟಿ. ನೋಡಬೇಕಾದ್ದು ಮೊದಲನೇದು. ದೊಡ್ಡ ಖಾಲಿ ಪಾರ್ಕಿಂಗ್ ಜಾಗಕ್ಕೆ ಹೋಗಿ ಬೈಕನ್ನ ನಾಲ್ಕೂ ದಿಕ್ಕಿಗೆ ನಿಲ್ಲಿಸಿ, ಪ್ರತಿ ದಿಕ್ಕಲ್ಲೂ ಒಂದ್ಸಲ ಇಳಿದು ನೋಡಿ, ಒಂದ್ಸಲ ಮೇಲೆ ಕೂತು ನೋಡಿ. ಹಿಂದೆ ಕೂರೋರನ್ನೂ ಕೂರಿಸ್ಕೊಂಡು ಮಾಡಿದ್ರೆ ಇನ್ನೂ ಒಳ್ಳೇದು, ಅವರು ಸಹಿಸ್ಕೊಂಡ್ರೆ. ಇಳಿದಾಗ ಪಟ್ಟಿ ತುಂಬಿ, ಕೂತಾಗ ಖಾಲಿಯಾದ್ರೆ ಆಂಟೆನಾ ನಿಮ್ಮ ಮರೆಯಲ್ಲಿದೆ. ನಾಲ್ಕೂ ದಿಕ್ಕಲ್ಲಿ, ಇಳಿದಾಗ್ಲೂ ಕಮ್ಮಿ ಅಂದ್ರೆ ತಗಡು, ಕೇಬಲ್, ಇಲ್ಲಾ ಆಂಟೆನಾನೇ ಹೋಗಿರಬೇಕು.

ಸಿಟಿ ಒಳಗೆ ಸೂಪರಾಗಿ ಬರತ್ತೆ, ಹೈವೇಗೆ ಬಂದ ಮೇಲೆ ಕಟ್ ಆಗತ್ತೆ. ಉಲ್ಟಾ ಆಗಬೇಕಿತ್ತಲ್ವಾ?

ಊರೊಳಗೆ ಎತ್ತರದ ಬಿಲ್ಡಿಂಗ್ ಮಧ್ಯೆ ಸ್ಯಾಟಲೈಟ್ ಕಾಣಲ್ಲ ಅಂತ ಕಂಪನಿಯವರು ದೊಡ್ಡ ಸಿಟಿಗಳಲ್ಲಿ ನೆಲದ ಮೇಲೇ ರಿಪೀಟರ್ ಟವರ್ ಹಾಕಿದಾರೆ. ಟೆರೆಸ್ಟ್ರಿಯಲ್ ಪಟ್ಟಿ ಅಂದ್ರೆ ಅದೇ. ಆ ಸಿಗ್ನಲ್ ಜೋರಾಗಿರತ್ತೆ, ಎಲ್ಲ ಕಡೆಯಿಂದ ಬಡಿದು ಬಡಿದು ಬರತ್ತೆ, ಆಂಟೆನಾ ಸೀಟಿನ ಕೆಳಗೆ ಬಿದ್ದಿದ್ರೂ ಹಾಡು ಬರತ್ತೆ. ಅಂದ್ರೆ ನಿಮ್ಮ ಆಂಟೆನಾ ಮೊದಲಿಂದ್ಲೂ ಸ್ಯಾಟಲೈಟ್ ಹಿಡೀತಾನೇ ಇರ್ಲಿಲ್ಲ, ರಿಪೀಟರ್ ಅದನ್ನ ಮುಚ್ಚಿಟ್ಟಿತ್ತು ಅಷ್ಟೇ. ಶಿಕಾಗೋ ನಡುವೆ ಟೆಸ್ಟ್ ಮಾಡಿ ಶಭಾಷ್ ಅನ್ಕೊಂಡು ಸೌತ್ ಡಕೋಟಾಗೆ ಹೊರಟ್ರೆ ಇಲಿನಾಯ್ ದಾಟೋ ಮುಂಚೆ ಗೊತ್ತಾಗತ್ತೆ.

ಸೇತುವೆ ಕೆಳಗೆ ಹೋದ್ರೂ ಹಾಡು ನಿಲ್ಲಲ್ಲ, ಆದ್ರೆ ಪೆಟ್ರೋಲ್ ಬಂಕಲ್ಲಿ ನಿಲ್ಲತ್ತೆ, ಯಾಕೆ?

ಇದು ನಂಗೆ ಬಹಳ ಇಷ್ಟವಾದ ಪ್ರಶ್ನೆ, ಯಾಕಂದ್ರೆ ಇದ್ರಲ್ಲಿ ಇಡೀ ವ್ಯವಸ್ಥೆಯ ಜಾಣತನ ಇದೆ. ಒಂದೇ ಕಾರ್ಯಕ್ರಮನ ಎರಡು ಸ್ಯಾಟಲೈಟಿಂದ ಕಳಿಸ್ತಾರೆ, ಆದ್ರೆ ಒಟ್ಟಿಗೇ ಅಲ್ಲ, ಒಂದರಿಂದ ಸುಮಾರು 4 ಸೆಕೆಂಡ್ ತಡವಾಗಿ. ಮೊದಲು ಬಂದಿದ್ದನ್ನ ರಿಸೀವರ್ ತನ್ನ ಮೆಮೊರಿಲಿ ಇಟ್ಕೊಂಡು ತಡವಾಗಿ ಬಂದಿದ್ದರ ಜೊತೆ ಸೇರಿಸಿ ನುಡಿಸತ್ತೆ. ಹಂಗಾಗಿ ಎರಡೂ ಒಂದು ಕ್ಷಣ ಮರೆಯಾದ್ರೂ ಕಳೆದುಹೋದ ತುಣುಕು ಇನ್ನೊಂದರಲ್ಲಿ ಸಿಕ್ಕೇ ಸಿಗತ್ತೆ. ಗಂಟೆಗೆ 65 ಮೈಲಿಲಿ ಹೋಗ್ತಿದ್ರೆ 4 ಸೆಕೆಂಡಲ್ಲಿ ಸುಮಾರು 116 ಮೀಟರ್ ದಾಟ್ತೀರಿ, ಯಾವ ಫ್ಲೈಓವರೂ ಅಷ್ಟು ಅಗಲ ಇರಲ್ಲ. ಬಂಕಿನ ಚಪ್ಪರದ ಕೆಳಗೆ ನಿಂತ್ರೆ ಮಾತ್ರ 4 ಸೆಕೆಂಡ್ ಮುಗಿದ ಕೂಡ್ಲೇ ಮೌನ. ಅದು ರಿಪೇರಿ ಮಾಡೋ ವಿಷಯ ಅಲ್ಲ.

ಆದ್ರೆ ಇದ್ರಿಂದ ಒಂದು ಸೂಕ್ಷ್ಮ ತಿಳ್ಕೋಬೇಕು: ಒಂದು ಸ್ಯಾಟಲೈಟ್ ಯಾವಾಗ್ಲೂ ನಿಮ್ಮ ಬೆನ್ನ ಮರೆಯಲ್ಲೇ ಇದ್ರೆ ಈ ರಕ್ಷಣೆ ಪೂರ್ತಿ ಹೋಗತ್ತೆ, ಇನ್ನೊಂದಕ್ಕೆ ಒಂದು ಲಾರಿ ಅಡ್ಡ ಬಂದ್ರೂ ಕಟ್. ಪಕ್ಕದ ಲೇನಲ್ಲಿ ದೊಡ್ಡ ಟ್ರಕ್ ಹೋದಾಗೆಲ್ಲ ನಿಲ್ತಿದ್ರೆ ನೀವು ಒಂದೇ ಸ್ಯಾಟಲೈಟ್ ಮೇಲೆ ಬದುಕ್ತಿದೀರಿ ಅಂತ ಅರ್ಥ.

ಕಾಡಿನ ದಾರಿಲಿ ಏನು ಮಾಡೋದು?

ಹಾಡು ಆಫ್ ಮಾಡಿ ಗಾಡಿ ಓಡಿಸೋದು. ತಮಾಷೆ ಬಿಡಿ, ಬ್ಲೂ ರಿಡ್ಜ್ ಪಾರ್ಕ್‌ವೇಲಿ ಬೇಸಿಗೆಲಿ ಎಲೆ ದಟ್ಟವಾಗಿರುವಾಗ ಬಂದು ಬಂದು ಹೋಗತ್ತೆ, ಎಲೆ ಉದುರಿದ ಮೇಲೆ ಅದೇ ರೋಡಲ್ಲಿ ಎಷ್ಟೋ ವಾಸಿ. ಎಲೆಯಲ್ಲಿರೋ ನೀರೇ ಸಿಗ್ನಲ್ ಕುಡಿಯೋದು, ಮಳೆ ಬಂದು ನೆನೆದ ಎಲೆ ಇನ್ನೂ ಕೆಟ್ಟದ್ದು. ಉತ್ತರ ಕ್ಯಾಲಿಫೋರ್ನಿಯಾದ ಅವೆನ್ಯೂ ಆಫ್ ದಿ ಜೈಂಟ್ಸಲ್ಲಿ ರೆಡ್‌ವುಡ್ ಮರಗಳ ಕೆಳಗೆ ಯಾವ ಆಂಟೆನಾನೂ ಏನೂ ಮಾಡಲ್ಲ, ಅಲ್ಲಿ ರೇಡಿಯೋ ಬರ್ಲಿಲ್ಲ ಅಂತ ಆಂಟೆನಾ ಬದಲಾಯಿಸಿದವರಿದಾರೆ, ಪಾಪ. ಡ್ರ್ಯಾಗನ್ ಅಂತ ಕರೆಯೋ ಯುಎಸ್ 129ರಲ್ಲಿ 11 ಮೈಲಿಗೆ 318 ತಿರುವು, ಅಲ್ಲಿ ದಿಕ್ಕು ಕ್ಷಣ ಕ್ಷಣಕ್ಕೆ ಬದಲಾಗತ್ತೆ, ಮರಾನೂ ಇದೆ, ಅಲ್ಲಿ ರೇಡಿಯೋ ಕೇಳೋಕೆ ಹೋಗೋರು ಯಾರು ಹೇಳಿ.

ಇನ್ನೊಂದು ಗಮನಿಸಿ, ಮರದ ಸಾಲಲ್ಲಿ ನಿಧಾನಕ್ಕೆ ಹೋದಷ್ಟೂ ಕಟ್ ಜಾಸ್ತಿ ಆಗತ್ತೆ, ಆ 4 ಸೆಕೆಂಡ್ ಲೆಕ್ಕದಿಂದಾನೇ. ಅದಕ್ಕಂತ ಜೋರಾಗಿ ಹೋಗಿ ಅಂತ ಹೇಳ್ತಿಲ್ಲ ನಾನು.

ತಿರುವಲ್ಲಿ ಗಾಡಿ ವಾಲಿಸಿದಾಗ ಆಂಟೆನಾನೂ ವಾಲತ್ತಲ್ಲ?

ವಾಲತ್ತೆ, ಆದ್ರೆ ಅದು ಡಿಶ್ ಥರ ಒಂದೇ ಕಡೆ ನೋಡೋ ಆಂಟೆನಾ ಅಲ್ಲ, ಅರ್ಧಗೋಳ ಪೂರ್ತಿ ನೋಡತ್ತೆ. ಉತ್ತರದ ರಾಜ್ಯಗಳಲ್ಲಿ ಗಾಡಿನ ಉತ್ತರದ ಕಡೆಗೆ ಚೆನ್ನಾಗಿ ವಾಲಿಸಿದ್ರೆ ಒಂದು ಕ್ಷಣ ಸಿಗ್ನಲ್ ಬೀಳಬಹುದು, ಮೆಮೊರಿ ಅದನ್ನ ನೋಡ್ಕೊಳ್ಳತ್ತೆ. ನಿಲ್ಲಿಸಿದಾಗ ಆಂಟೆನಾ ಸಮವಾಗಿದ್ರೆ ಸಾಕು, ಹತ್ತು ಡಿಗ್ರಿ ಆಚೀಚೆ ಇದ್ರೆ ತಲೆ ಕೆಡಿಸ್ಕೋಬೇಡಿ.

ಮಳೆ ಬಂದ್ರೆ ಮನೆಯ ಡಿಶ್ ಟಿವಿ ಥರ ನಿಂತುಹೋಗತ್ತಾ?

ಇಲ್ಲ. ಡಿಶ್ ಟಿವಿ ಓಡೋದು ಹನ್ನೆರಡು ಗಿಗಾಹರ್ಟ್ಸ್ ಸುತ್ತಮುತ್ತ, ಇದು 2.3ರಲ್ಲಿ, ಇಲ್ಲಿ ಮಳೆಹನಿ ಅಷ್ಟೊಂದು ಅಡ್ಡ ಬರಲ್ಲ. ಮಳೆಲಿ ಮಾತ್ರ ಕೆಡತ್ತೆ ಅಂದ್ರೆ ಕನೆಕ್ಟರೊಳಗೆ ನೀರು ಹೋಗ್ತಿದೆ, ಅಲ್ಲಿ ಹುಡುಕಿ. ಆಂಟೆನಾ ಮೇಲೆ ಒದ್ದೆ ಹಿಮ ಕೂತ್ರೆ ಒರೆಸಿ.

ಕೇಬಲ್ ಎಳೆಯುವಾಗ ಏನು ನೋಡ್ಕೋಬೇಕು?

ಆ ಕೇಬಲ್ ಬಹಳ ತೆಳು, ಒಳಗಿನ ತಂತಿ ಕೂದಲಿನಷ್ಟೇ ಇರತ್ತೆ ಅನ್ನಿ. ಬೈಕಲ್ಲಿ ಅದು ಸಾಯೋ ಜಾಗ ಮೂರು: ಸೀಟು ಫ್ರೇಮಿಗೆ ಕೂರೋ ಕಡೆ, ಟ್ರಂಕ್ ಮುಚ್ಚಳದ ಹಿಂಜ್ ಹತ್ತಿರ, ಮುಂದೆ ಹಾಕಿದ್ರೆ ಹ್ಯಾಂಡಲ್ ತಿರುಗೋ ಕಡೆ. ಝಿಪ್ ಟೈ ಜೋರಾಗಿ ಎಳೆದು ಕಟ್ಟಿದ್ರೂ ಒಳಗಡೆ ಚಪ್ಪಟೆಯಾಗತ್ತೆ, ಹೊರಗಿಂದ ಗೊತ್ತೇ ಆಗಲ್ಲ. ಹ್ಯಾಂಡಲನ್ನ ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ ನೋಡಿ ಸಡಿಲ ಬಿಡಿ. ಚೂಪಾಗಿ ಮಡಿಸಬೇಡಿ, ಉಳಿದ ಕೇಬಲನ್ನ ಅಗಲ ಸುರುಳಿ ಮಾಡಿ ಇಡಿ, ಕತ್ತರಿಸಿ ಗಂಟು ಹಾಕಿ ಟೇಪ್ ಸುತ್ತೋ ಜಾಣರಾಗಬೇಡಿ, ಇದು ಟೈಲ್ ಲ್ಯಾಂಪ್ ವೈರಲ್ಲ. ಇಗ್ನಿಷನ್ ಕಾಯಿಲ್, ಸ್ಪಾರ್ಕ್ ಪ್ಲಗ್ ವೈರಿಂದ ದೂರ ಇರ್ಲಿ, ಎಕ್ಸಾಸ್ಟಿಂದ ಇನ್ನೂ ದೂರ.

ಕನೆಕ್ಟರು ಎಸ್‌ಎಂಬಿ ಅಂತ, ಒತ್ತಿದ್ರೆ ಟಕ್ ಅಂತ ಕೂರೋದು. ಗಾಡಿ ಅದುರಿ ಅದುರಿ ಅದು ಅರ್ಧ ಹೊರಗೆ ಬಂದಿರತ್ತೆ. ಹಸಿರು ಕಿಲುಬು ಹಿಡಿದಿದ್ರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ ಹಾಕಿ. ಡೈಎಲೆಕ್ಟ್ರಿಕ್ ಗ್ರೀಸ್ ಹೊರಗೆ ನೀರು ತಡೆಯೋಕೆ ಮಾತ್ರ, ಒಳಗಿನ ಪಿನ್ನಿಗೆ ಮೆತ್ತಬೇಡಿ. ಕನೆಕ್ಟರಿಗಿಂತ ಕೆಳಗೆ ಕೇಬಲ್ ಒಂದು ಸುತ್ತು ಇಳಿದು ಮೇಲಕ್ಕೆ ಬರೋ ಹಂಗೆ ಬಿಟ್ರೆ ನೀರು ಅಲ್ಲೇ ತೊಟ್ಟಿಕ್ಕತ್ತೆ.

ಬೂಸ್ಟರ್ ಹಾಕಿದ್ರೆ ಸಿಗ್ನಲ್ ಜಾಸ್ತಿ ಆಗಲ್ವಾ? ಗಾಡಿಯ ಎಫ್‌ಎಂ ಆಂಟೆನಾನೇ ಬಳಸಬಹುದಾ?

ಆಂಟೆನಾ ಒಳಗೇ ಒಂದು ಬೂಸ್ಟರ್ ಇದೆ ಸ್ವಾಮಿ. ರಿಸೀವರು ಅದೇ ಕೇಬಲಲ್ಲಿ ಮೇಲಕ್ಕೆ ಕರೆಂಟ್ ಕಳಿಸತ್ತೆ, ಸಿಗ್ನಲ್ ಕೆಳಗೆ ಬರತ್ತೆ. ನಡುವೆ ಟಿವಿ ಅಂಗಡಿಯ ಬೂಸ್ಟರು, ಸ್ಪ್ಲಿಟರು ಹಾಕಿದ್ರೆ ಆ ಕರೆಂಟ್ ಮೇಲಕ್ಕೆ ಹೋಗೋದೇ ನಿಂತುಬಿಡಬಹುದು, ಇರೋದೂ ಹೋಯ್ತು. ಮೊದಲೇ ಸ್ಯಾಟಲೈಟ್ ಕಾಣದ ಕಡೆ ಕೂತಿರೋ ಆಂಟೆನಾಗೆ ಬೂಸ್ಟರ್ ಹಾಕಿದ್ರೆ ಬರೀ ಗದ್ದಲ ದೊಡ್ಡದಾಗತ್ತೆ. ಎಫ್‌ಎಂ ಕೋಲು ಬೇರೆ ಫ್ರೀಕ್ವೆನ್ಸಿಗೆ ಮಾಡಿದ್ದು, ಜಿಪಿಎಸ್ ಆಂಟೆನಾ 1575 ಮೆಗಾಹರ್ಟ್ಸ್‌ಗೆ ಮಾಡಿದ್ದು, ಯಾವುದೂ ಇದಕ್ಕೆ ಆಗಲ್ಲ. ಜಿಪಿಎಸ್ಸು, ಸ್ಯಾಟಲೈಟ್ ರೇಡಿಯೋ ಎರಡೂ ಒಂದೇ ಡಬ್ಬಿಲಿರೋ ಜೋಡಿ ಆಂಟೆನಾ ಸಿಗತ್ತೆ, ಅದಕ್ಕೆ ಕೇಬಲ್ ಎರಡಿರತ್ತೆ.

ಪರದೆ ಮೇಲೆ ಬರೋ ಮೆಸೇಜ್‌ಗೆ ಏನರ್ಥ?

ಇದನ್ನ ಓದೋಕೆ ಕಲಿತ್ರೆ ಟೈಮ್ ಉಳಿಯತ್ತೆ. "ಚೆಕ್ ಆಂಟೆನಾ" ಅಂದ್ರೆ ಆಂಟೆನಾಗೆ ಕರೆಂಟ್ ಹೋಗ್ತಿಲ್ಲ, ಅಂದ್ರೆ ಕೇಬಲ್ ತುಂಡಾಗಿದೆ, ಇಲ್ಲಾ ಕನೆಕ್ಟರ್ ಬಿಟ್ಟಿದೆ, ಇಲ್ಲಾ ಒಳಗೆ ಶಾರ್ಟು. ಆಕಾಶ ನೋಡ್ಕೊಂಡು ಪ್ರಯೋಜನ ಇಲ್ಲ. "ನೋ ಸಿಗ್ನಲ್" ಇಲ್ಲಾ "ಅಕ್ವೈರಿಂಗ್" ಅಂದ್ರೆ ಆಂಟೆನಾ ಸಿಕ್ಕಿದೆ, ಸ್ಯಾಟಲೈಟ್ ಸಿಕ್ಕಿಲ್ಲ, ಆಗ ಜಾಗ, ತಗಡು, ಮರೆ ನೋಡಿ. ಕೆಲವೇ ಚಾನಲ್ ಬಂದು ಉಳಿದಿದ್ದು ಬರ್ತಿಲ್ಲ ಅಂದ್ರೆ ಅದು ರಿಸೆಪ್ಷನ್ ತೊಂದ್ರೆನೇ ಅಲ್ಲ, ಚಂದಾ ವಿಷಯ. ಚಾನಲ್ 0ಗೆ ಹೋದ್ರೆ ರೇಡಿಯೋ ಐಡಿ ಕಾಣತ್ತೆ, ಅದನ್ನ ಬರ್ಕೊಂಡು ಫೋನ್ ಮಾಡಿ. ಆ ಐಡಿಲಿ ಐ, ಓ, ಎಸ್, ಎಫ್ ಅಕ್ಷರ ಇರಲ್ಲ, ಹಂಗಾಗಿ ಓ ಥರ ಕಂಡಿದ್ದು ಸೊನ್ನೆ, ಎಸ್ ಥರ ಕಂಡಿದ್ದು ಐದು.

ಎಲ್‌ಇಡಿ ಲೈಟು, ಯುಎಸ್‌ಬಿ ಚಾರ್ಜರು ಹಾಕಿದ ಮೇಲೆ ಕೆಟ್ಟಿದೆ. ಸಂಬಂಧ ಇರಬಹುದಾ?

ಇರಬಹುದು, ಅಗ್ಗದ ಚಾರ್ಜರು, ಡ್ಯಾಶ್‌ಕ್ಯಾಮು ಸಿಕ್ಕಾಪಟ್ಟೆ ರೇಡಿಯೋ ಗದ್ದಲ ಮಾಡ್ತವೆ. ಸಿಗ್ನಲ್ ಪರದೆ ತೆಗೆದಿಟ್ಟು ಒಂದೊಂದೇ ಪ್ಲಗ್ ಕೀಳಿ, ಯಾವುದು ಕಿತ್ತಾಗ ಪಟ್ಟಿ ಏರತ್ತೋ ಅದೇ ಕಳ್ಳ. ಅದನ್ನ ಆಂಟೆನಾದಿಂದ ದೂರ ಮಾಡಿ, ಒಳ್ಳೇ ಚಾರ್ಜರ್ ಹಾಕಿ. ಇನ್ನೊಂದು, ಸಿರಿಯಸ್‌ಎಕ್ಸ್‌ಎಂ ಬ್ಯಾಂಡಿಗೆ ಅಂಟ್ಕೊಂಡಂಗೆ ಎರಡೂ ಪಕ್ಕ ಮೊಬೈಲ್ ಡೇಟಾ ಬ್ಯಾಂಡ್ ಇದೆ, ಕೆಲವು ಸೆಲ್ ಟವರ್ ಹತ್ತಿರ ಹೋದಾಗ ಅದರ ಜೋರಿಗೆ ಇದರ ಸಿಗ್ನಲ್ ಮುಳುಗಿಹೋಗತ್ತೆ. ಪ್ರತಿ ಸಲ ಅದೇ ಸಿಗ್ನಲ್ ದೀಪದ ಹತ್ತಿರ, ಅದೇ ಟವರ್ ಕೆಳಗೆ ಕಟ್ ಆಗ್ತಿದ್ರೆ ಇದೇ ಕಾರಣ, ಮುಂದಕ್ಕೆ ಹೋದ್ರೆ ಸರಿಹೋಗತ್ತೆ.

ಸಿಗ್ನಲ್ ಪಟ್ಟಿ ಫುಲ್ ಇದೆ, ಆದ್ರೆ ಸೌಂಡ್ ಗೊರ ಗೊರ ಅನ್ನತ್ತೆ

ಹಾಗಾದ್ರೆ ಸ್ಯಾಟಲೈಟನ್ನ ಬೈಬೇಡಿ. ಇದು ಡಿಜಿಟಲ್, ಬಂದ್ರೆ ಸ್ವಚ್ಛ, ಇಲ್ಲಾಂದ್ರೆ ಮೌನ, ನಡುವೆ ಗೊರ ಗೊರ ಅನ್ನೋದು ಇಲ್ಲ. ಗದ್ದಲ ಬರೋದು ರಿಸೀವರಿಂದ ಸ್ಪೀಕರ್ ತನಕದ ದಾರಿಲಿ. ಪೋರ್ಟಬಲ್ ರೇಡಿಯೋನ ಎಫ್‌ಎಂ ಮೂಲಕ ಗಾಡಿ ಸ್ಟೀರಿಯೋಗೆ ಕಳಿಸ್ತಿದ್ರೆ ಊರೂರಿಗೂ ಬೇರೆ ಎಫ್‌ಎಂ ಸ್ಟೇಷನ್ ಮೇಲೆ ಬೀಳತ್ತೆ, ಆಕ್ಸ್ ಕೇಬಲ್ ಹಾಕಿ. ಆಕ್ಸಲ್ಲೂ ಇಂಜಿನ್ ಜೊತೆ ಏರಿ ಇಳಿಯೋ ಕುಂಯ್ ಸದ್ದು ಬಂದ್ರೆ ಗ್ರೌಂಡ್ ಲೂಪು, ಅಂದ್ರೆ ಎರಡು ಕಡೆ ಗ್ರೌಂಡ್ ಆಗಿ ಗದ್ದಲ ನುಸುಳೋದು, ಅದನ್ನ ತಡೆಯೋಕೆ ಐಸೊಲೇಟರ್ ಅಂತ ಚಿಕ್ಕ ಡಬ್ಬಿ ಸಿಗತ್ತೆ.

ಪೋರ್ಟಬಲ್ ಹಾಕೋರಿಗೆ ಒಂದು ಎಚ್ಚರಿಕೆ. ಈಗಿನ ಡಾಕ್‌ಗಳು (ರೇಡಿಯೋ ಕೂರಿಸೋ ತೊಟ್ಟಿಲು) ಓಡೋದು 5 ವೋಲ್ಟಲ್ಲಿ, ಕಾರಿನ ಲೈಟರ್ ಪ್ಲಗ್ ಒಳಗೇ 12ನ 5 ಮಾಡೋ ಸರ್ಕ್ಯೂಟ್ ಇರತ್ತೆ. ಆ ಪ್ಲಗ್ ಕತ್ತರಿಸಿ ಬ್ಯಾಟರಿಗೆ ನೇರ ಹಾಕಿದ್ರೆ ಡಾಕ್ ಸುಟ್ಟಿತು ಅಂತಾನೇ ಲೆಕ್ಕ.

ಇಷ್ಟೆಲ್ಲ ಯಾಕೆ, ಫೋನಲ್ಲಿ ಆ್ಯಪ್ ಹಾಕಿದ್ರೆ ಆಯ್ತಲ್ಲ?

ಸಿಟಿಯಿಂದ ಸಿಟಿಗೆ ಇಂಟರ್‌ಸ್ಟೇಟಲ್ಲೇ ಹೋಗೋರಿಗೆ ಆಯ್ತು, ನಿಜ. ಆದ್ರೆ ನೆವಾಡಾದ ಯುಎಸ್ 50ರಲ್ಲಿ ಹೋಗಿ ನೋಡಿ, ಫೋನು ಗಂಟೆಗಟ್ಲೆ ಸತ್ತಿರತ್ತೆ, ಅಲ್ಲಿ ಮರಾನೂ ಇಲ್ಲ ಬಿಲ್ಡಿಂಗೂ ಇಲ್ಲ, ಸ್ಯಾಟಲೈಟ್ ರೇಡಿಯೋ ಒಂದು ಹನಿ ಕಟ್ ಆಗಲ್ಲ. ಎರಡರ ಶಕ್ತಿ ತದ್ವಿರುದ್ಧ: ಎಲ್ಲಿ ಜನ, ಮರ, ಕಟ್ಟಡ ಇದೆಯೋ ಅಲ್ಲಿ ಫೋನು, ಎಲ್ಲಿ ಬಯಲಿದೆಯೋ ಅಲ್ಲಿ ಸ್ಯಾಟಲೈಟು. ಎರಡೂ ಇಟ್ಕೊಳ್ಳಿ. ಕನ್ನಡ ಹಾಡಿಗಂತೂ ಹೆಂಗೂ ಫೋನೇ, ಹೊರಡೋ ಮುಂಚೆ ಡೌನ್‌ಲೋಡ್ ಮಾಡ್ಕೊಳ್ಳಿ.

ಅಲಾಸ್ಕಾ, ಹವಾಯಿಲಿ ಬರತ್ತಾ?

ಕೆನಡಾದ ದಕ್ಷಿಣ ಭಾಗದಲ್ಲಿ ತೊಂದ್ರೆ ಇಲ್ಲ. ಹವಾಯಿಲಿ ಸ್ಯಾಟಲೈಟ್ ಸೇವೆ ಇಲ್ಲ. ಅಲಾಸ್ಕಾದಲ್ಲಿ ಉತ್ತರಕ್ಕೆ ಹೋದಂಗೆ ನೆಚ್ಕೋಬೇಡಿ, ಡಾಲ್ಟನ್ ಹೈವೇ ತುದಿಯ ಪ್ರುಡೋ ಬೇ ತನಕ ಹೋದ್ರೆ ಪಶ್ಚಿಮದ ಸ್ಯಾಟಲೈಟು ದಿಗಂತದಿಂದ ಬರೀ 8 ಡಿಗ್ರಿ ಮೇಲೆ, ಸಿಗ್ನಲ್ ಕಳಿಸೋ ದಿಕ್ಕೂ ಆ ಕಡೆ ಇಲ್ಲ.

ಈ ರೇಡಿಯೋನ ಊರಿಗೆ ತಗೊಂಡ್ಹೋಗಿ ಬೆಂಗಳೂರಲ್ಲಿ ಬಳಸಬಹುದಾ?

ಆಗಲ್ಲ, ಆ ಸ್ಯಾಟಲೈಟ್‌ಗಳು ಭೂಮಿಯ ಆ ಬದಿಗೆ ಕಾಣೋದೇ ಇಲ್ಲ. ನಮ್ಮಲ್ಲಿ ಒಂದು ಕಾಲಕ್ಕೆ ವರ್ಲ್ಡ್‌ಸ್ಪೇಸ್ ಇತ್ತು, ನೆನಪಿರೋರಿಗೆ ನೆನಪಿರತ್ತೆ, ಸ್ಪರ್ಶ ಅಂತ ಕನ್ನಡ ಚಾನಲ್, ಶ್ರುತಿ ಅಂತ ಕರ್ನಾಟಕ ಸಂಗೀತಕ್ಕೆ ಬೇರೆ ಚಾನಲ್. 2000ದಲ್ಲಿ ಹಾರಿಸಿದ ಏಷ್ಯಾಸ್ಟಾರ್ ಸ್ಯಾಟಲೈಟಿಂದ ಬರ್ತಿತ್ತು, 105 ಡಿಗ್ರಿ ಪೂರ್ವದಲ್ಲಿತ್ತು, ಬೆಂಗಳೂರಿಂದ ಅದು ಪೂರ್ವ ದಿಕ್ಕಿಗೆ 55 ಡಿಗ್ರಿ ಮೇಲೆ, ಅದಕ್ಕೇ ಎಲ್ಲರ ಮನೇಲೂ ಆ ಚಿಕ್ಕ ಆಂಟೆನಾ ಪೂರ್ವದ ಕಿಟಕಿಲಿ ಕೂತಿರ್ತಿತ್ತು. ತಮಾಷೆ ಅಂದ್ರೆ ಎಕ್ಸ್‌ಎಂ ಶುರುವಾಗುವಾಗ ಅದ್ರಲ್ಲಿ ವರ್ಲ್ಡ್‌ಸ್ಪೇಸಿನ ದುಡ್ಡೂ ಇತ್ತು. ಎಕ್ಸ್‌ಎಂ ಕಾರಿಗೆ ಹೋಯ್ತು, ಬದುಕ್ತು, ವರ್ಲ್ಡ್‌ಸ್ಪೇಸ್ ಮನೆ ಕಿಟಕಿ ಬಿಟ್ಟು ಓಡೋ ಗಾಡಿಗೆ ಬರೋ ಮುಂಚೆ 2008ರಲ್ಲಿ ದಿವಾಳಿ ಎದ್ದು 2009ರ ಡಿಸೆಂಬರ್ 31ಕ್ಕೆ ಭಾರತದಲ್ಲಿ ನಿಂತುಹೋಯ್ತು.

ಚಳಿಗಾಲ ಪೂರ್ತಿ ಗಾಡಿ ನಿಲ್ಲಿಸಿ ಈಗ ತೆಗೆದಿದೀನಿ, ಪ್ರಿವ್ಯೂ ಚಾನಲ್ ಬಿಟ್ಟು ಏನೂ ಬರ್ತಿಲ್ಲ

ಆಂಟೆನಾ ಸರಿ ಇದೆ, ಚಂದಾದ ಅನುಮತಿ ರೇಡಿಯೋಗೆ ತಲುಪಿಲ್ಲ. ಅದೂ ಸ್ಯಾಟಲೈಟ್ ಮೂಲಕಾನೇ ಬರೋದು. ಗಾಡಿನ ಗರಾಜಿಂದ ಹೊರಗೆ ತಂದು ದಕ್ಷಿಣದ ಆಕಾಶ ಕಾಣೋ ಕಡೆ ನಿಲ್ಲಿಸಿ, ರೇಡಿಯೋ ಆನ್ ಮಾಡಿ ಚಂದಾ ಇರೋ ಯಾವುದಾದ್ರೂ ಚಾನಲ್ ಹಾಕಿ, ಆಮೇಲೆ ವೆಬ್‌ಸೈಟಿಂದ ರಿಫ್ರೆಶ್ ಸಿಗ್ನಲ್ ಕಳಿಸಿ ಸ್ವಲ್ಪ ಹೊತ್ತು ಹಂಗೇ ಬಿಡಿ. ಕೀನ ಆ್ಯಕ್ಸೆಸರಿ ಸ್ಥಾನದಲ್ಲಿಡಿ, ಹೆಡ್‌ಲೈಟ್ ಉರಿಸ್ಕೊಂಡು ಕಾಯ್ತಾ ಕೂತ್ರೆ ಚಳಿಗಾಲ ಕಳೆದ ಬ್ಯಾಟರಿ ರೇಡಿಯೋಗಿಂತ ಮುಂಚೆ ಮಲಗತ್ತೆ. ಗರಾಜ್ ಒಳಗೇ ನಿಂತು ಹತ್ತು ಸಲ ರಿಫ್ರೆಶ್ ಒತ್ತಿದ್ರೂ ಏನೂ ಆಗಲ್ಲ.